ಅಳತೆಯ ಲೋಟದಲ್ಲಿ ಪ್ರಮಾದ

ಜೈನ ಗೃಹಸ್ಥನ ಆಚಾರಕ್ಕೆ ಅಡಿಗಲ್ಲು ಯಾವುದೆಂಬ ಪ್ರಶ್ನೆಗೆ ದಿಗಂಬರ, ಶ್ವೇತಾಂಬರ ಎಂಬ ಭೇದವಿಲ್ಲದೆ ಆಚಾರ್ಯರು ಕೊಡುವ ಉತ್ತರ ಒಂದೇ. ಪೂಜೆ, ದಾನ, ಸ್ವಾಧ್ಯಾಯ, ಉಪವಾಸಗಳು ಅನಂತರದವು. ಮೊದಲು ಮದ್ಯ, ಮಾಂಸ, ಮಧುಗಳ ತ್ಯಾಗ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅಣುವ್ರತಗಳೊಡನೆ ಈ ಮೂರರ ತ್ಯಾಗವನ್ನು ಕೂಡಿಸಿ ಅಷ್ಟಮೂಲಗುಣಗಳೆಂದರು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಮೂರರ ಜೊತೆಗೆ ಐದು ಉದುಂಬರ ಫಲಗಳನ್ನು ಹೇಳಿದರು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ ಮದ್ಯವನ್ನು ವರ್ಜ್ಯಗಳ ಸಾಲಿನಲ್ಲಿ ಇರಿಸಿತು. ಪಟ್ಟಿಗಳು ಬೇರೆಯಾದರೂ ಮದ್ಯ ಯಾವ ಪಟ್ಟಿಯಿಂದಲೂ ಜಾರಿ ಹೋಗಲಿಲ್ಲ. ಮೂಲಗುಣವೆಂದರೆ ಬೇರು. ಬೇರಿಲ್ಲದ ಮರಕ್ಕೆ ಹೂವಿನ ಅಲಂಕಾರ ಮಾಡಿ ಫಲವೇನು?

ಬೆಂಗಳೂರಿನ ವಿಶ್ವೇಶ್ವರಪುರಂ ಈ ಬೇರಿನ ಬಲದಿಂದ ಬೆಳೆದ ಬಡಾವಣೆಗಳಲ್ಲಿ ಒಂದು. ಚಿಕ್ಕಪೇಟೆ, ಅವೆನ್ಯೂ ರಸ್ತೆಗಳಲ್ಲಿ ವ್ಯಾಪಾರ ಮಾಡಿ, ಸಂಜೆಯಾಗುವ ಮೊದಲು ಮನೆ ಸೇರಿ, ಹಗಲಿನ ಬೆಳಕಿನಲ್ಲೇ ಊಟ ಮುಗಿಸುವ ಕುಟುಂಬಗಳು ಇಲ್ಲಿ ತಲೆಮಾರುಗಳಿಂದ ಬಾಳಿವೆ. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದ ಹಿರಿಯರು ಈಗಲೂ ಇದ್ದಾರೆ. ಸಜ್ಜನರಾವ್ ವೃತ್ತದ ತಿಂಡಿ ಬೀದಿಗೆ ಹೋದರೂ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇದೆಯೇ ಎಂದು ವಿಚಾರಿಸಿ ತಿನ್ನುವವರು ಇವರು.

ಆದರೆ ಹಳೆಯ ಮನೆಗಳು ಉರುಳಿ ಫ್ಲ್ಯಾಟುಗಳು ಎದ್ದಂತೆ ಕೆಲವು ಮನೆಗಳ ನಕ್ಷೆಯೂ ಬದಲಾಗಿದೆ. ದೇವರ ಕೋಣೆಗೆ ಅಮೃತಶಿಲೆಯನ್ನು ಗೊತ್ತುಮಾಡುವ ಕೈಯೇ ನಡುಮನೆಯ ಮೂಲೆಯಲ್ಲಿ ಬಾರ್ ಕೌಂಟರಿಗೂ ಗುರುತು ಹಾಕುತ್ತಿದೆ. ಹೊರಗೆ ಹೋಗಿ ಕುಡಿಯುವುದು ಅಸಭ್ಯ, ಮನೆಯಲ್ಲಿ ತಾನೇ ಬೆರೆಸಿ ನಾಲ್ವರು ಮಿತ್ರರಿಗೆ ಕೊಟ್ಟು ಕುಡಿಯುವುದು ಸುಸಂಸ್ಕೃತಿ ಎಂಬ ಹೊಸ ಮತ ಹುಟ್ಟಿದೆ. 2020ರ ಕೊರೋನಾ ದಿಗ್ಬಂಧನ ಈ ಮತಕ್ಕೆ ನೀರೆರೆಯಿತು. ಆ ವರ್ಷದ ಮೇ 4ರಂದು ಮದ್ಯದಂಗಡಿಗಳು ತೆರೆದಾಗ ರಾಜ್ಯದಲ್ಲಿ ಮೊದಲ ದಿನ 45 ಕೋಟಿ, ಮರುದಿನ 197 ಕೋಟಿ ರೂಪಾಯಿಗಳ ಮಾರಾಟವಾಯಿತೆಂದು ಪತ್ರಿಕೆಗಳು ವರದಿ ಮಾಡಿದವು. ಕುಳಿತು ಕುಡಿಯುವ ಬಾರುಗಳಿಗೆ ಸೆಪ್ಟೆಂಬರಿನವರೆಗೆ ಅನುಮತಿ ಇರಲಿಲ್ಲ. ಅಷ್ಟು ಬಾಟಲಿಗಳೂ ಹೋಗಿ ಸೇರಿದ್ದು ಮನೆಗಳನ್ನೇ.

ಈ ಪಾನೀಯಗಳ ಪಾಕ ಸರಳ. ಸಕ್ಕರೆಯ ತುಣುಕಿಗೆ ಎರಡು ಹನಿ ಕಹಿ ಸಾರ ಹಾಕಿ, 60 ಮಿ.ಲೀ. ವಿಸ್ಕಿ ಬೆರೆಸಿ, ಮಂಜುಗಡ್ಡೆಯ ಮೇಲೆ ಕಿತ್ತಳೆಯ ಸಿಪ್ಪೆ ಹಿಂಡಿದರೆ ಅದು ‘ಓಲ್ಡ್ ಫ್ಯಾಷನ್ಡ್’. ನಿಂಬೆರಸ, ಸಕ್ಕರೆ ಸೇರಿದರೆ ‘ವಿಸ್ಕಿ ಸೌರ್’. ಸೋಡಾ ಸೇರಿದರೆ ‘ಹೈಬಾಲ್’. ಬಿಸಿನೀರು, ನಿಂಬೆ, ಜೇನು ಸೇರಿದರೆ ‘ಹಾಟ್ ಟಾಡಿ’. 1806ರಲ್ಲಿ ಅಮೆರಿಕದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದು ಕಾಕ್‌ಟೇಲ್ ಎಂದರೆ ಮದ್ಯ, ಸಕ್ಕರೆ, ನೀರು, ಕಹಿ ಸಾರಗಳ ಮಿಶ್ರಣವೆಂದು ಅರ್ಥ ಬರೆದಿತ್ತು. ಎರಡು ಶತಮಾನ ಕಳೆದರೂ ಮೂಲ ವಸ್ತು ಬದಲಾಗಿಲ್ಲ; ಅದರ ವೇಷ ಮಾತ್ರ ಬದಲಾಗಿದೆ.

ಈ ವೇಷವನ್ನು ಶ್ರಾವಕನ ಕಣ್ಣಿನಿಂದ ಬಿಚ್ಚಿ ನೋಡಬೇಕು. ಹಾಟ್ ಟಾಡಿಯ ಒಂದೇ ಬಟ್ಟಲಿನಲ್ಲಿ ಮೂರು ‘ಮ’ಕಾರಗಳ ಪೈಕಿ ಮದ್ಯ, ಮಧು ಎರಡೂ ಕೂಡಿವೆ. ವಿಸ್ಕಿ ಸೌರ್‌ಗೆ ನೊರೆ ಬರಲೆಂದು ಮೊಟ್ಟೆಯ ಬಿಳಿಯನ್ನು ಬೆರೆಸುವ ರೂಢಿಯುಂಟು. ಮಂಜುಗಡ್ಡೆಯೂ ಶ್ವೇತಾಂಬರ ಪರಂಪರೆಯ 22 ಅಭಕ್ಷ್ಯಗಳಲ್ಲಿ ಒಂದು. ಎರಡು ಹನಿಯ ಅಂಗೋಸ್ಟುರಾ ಎಂಬ ಕಹಿ ಸಾರವೂ ಶೇಕಡ 44.7ರಷ್ಟು ಮದ್ಯಸಾರವೇ. ಇವೆಲ್ಲಕ್ಕೂ ಮಿಗಿಲಾಗಿ, ಈ ಕೂಟ ಪ್ರಾರಂಭವಾಗುವುದು ಸೂರ್ಯ ಮುಳುಗಿದ ಮೇಲೆ. ಶ್ರಾವಕನ ದಿನದ ಆಹಾರ ಎಲ್ಲಿ ಮುಗಿಯಬೇಕೋ ಅಲ್ಲಿಂದಲೇ ಇದರ ಮುಹೂರ್ತ. ಆಲೂಗಡ್ಡೆಯನ್ನು ಬಿಟ್ಟ ನಾಲಗೆಗೆ ಇದು ಹೇಗೆ ಒಗ್ಗಿತು?

ಇದನ್ನು ಸಮರ್ಥಿಸುವವರು ಮೂರ್ಖರಲ್ಲ, ದುರ್ಜನರೂ ಅಲ್ಲ. ಓದಿದವರು, ದಾನಿಗಳು, ತಂದೆತಾಯಿಗಳನ್ನು ಗೌರವದಿಂದ ನೋಡಿಕೊಳ್ಳುವವರು. ಆದ್ದರಿಂದ ಅವರ ವಾದಗಳನ್ನು ಒಂದೊಂದಾಗಿ ಪರಿಶೀಲಿಸುವುದು ನ್ಯಾಯ.

ವಿಸ್ಕಿ ಧಾನ್ಯದಿಂದ ಆದದ್ದು, ಅದರಲ್ಲಿ ಪ್ರಾಣಿವಧೆ ಎಲ್ಲಿದೆ ಎಂಬುದು ಮೊದಲನೆಯ ವಾದ. ಮಾಲ್ಟ್ ವಿಸ್ಕಿಗೆ ಬಾರ್ಲಿಯನ್ನು ನೆನೆಸಿ ಮೊಳಕೆಯೊಡೆಸಿ, ಆ ಮೊಳಕೆಯನ್ನು ಕಾವಿನಲ್ಲಿ ಒಣಗಿಸಿ, ಅರೆದು, ಬಿಸಿನೀರಿನಲ್ಲಿ ಕಲಸಿ, ಯೀಸ್ಟ್ ಸೇರಿಸಿ ಹುಳಿಸುತ್ತಾರೆ. ಭಾರತದ ಸಾಮಾನ್ಯ ವಿಸ್ಕಿಗಳಲ್ಲಿ ಬಹುಪಾಲಿಗೆ ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಹುಳಿಸಿ ತೆಗೆದ ಮದ್ಯಸಾರವೇ ಆಧಾರ. ಎರಡರಲ್ಲಿಯೂ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳನ್ನು ಬೇಕೆಂದೇ ಬೆಳೆಸಿ ಅನಂತರ ಭಟ್ಟಿಯ ಕಾವಿನಲ್ಲಿ ಬೇಯಿಸಲಾಗುತ್ತದೆ. ಮದ್ಯವು ಅಸಂಖ್ಯ ಜೀವಗಳ ಉತ್ಪತ್ತಿಸ್ಥಾನವೆಂದು ಅಮೃತಚಂದ್ರಾಚಾರ್ಯರು ಸಾವಿರ ವರ್ಷಗಳ ಹಿಂದೆಯೇ ತಿಳಿಸಿದ್ದರು. ಸೂಕ್ಷ್ಮದರ್ಶಕ ಅದನ್ನು ಅನಂತರ ಕಂಡಿತು.

ಇದಕ್ಕೆ ಚತುರರು ಮರುಪ್ರಶ್ನೆ ಹಾಕುತ್ತಾರೆ: ಇಡ್ಲಿ ಹಿಟ್ಟು ಹುದುಗುವುದಿಲ್ಲವೇ? ಪ್ರಶ್ನೆ ಸರಿಯಾದದ್ದೇ. ರಾತ್ರಿ ಕಳೆದ ಹಿಟ್ಟನ್ನು ಬಿಟ್ಟ ವ್ರತಿಗಳು ಅನೇಕರಿದ್ದಾರೆ; ಬಿಡದವರು ಅಷ್ಟರ ಮಟ್ಟಿಗೆ ದೋಷವನ್ನು ಒಪ್ಪಿಕೊಳ್ಳಲಿ. ಆದರೆ ಇಡ್ಲಿ ತಿಂದವನು ಅಂಗಡಿಯ ಲೆಕ್ಕ ತಪ್ಪುವುದಿಲ್ಲ, ಹೆಂಡತಿಯ ಮೇಲೆ ಧ್ವನಿ ಏರಿಸುವುದಿಲ್ಲ, ಕಾರನ್ನು ಕಂಬಕ್ಕೆ ಗುದ್ದುವುದಿಲ್ಲ. ಮದ್ಯದ ವಿಷಯದಲ್ಲಿ ಶಾಸ್ತ್ರದ ಮುಖ್ಯ ಆಕ್ಷೇಪಣೆ ಇರುವುದು ಇಲ್ಲಿಯೇ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹರಣವನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ಅದರ ಹಿಂದಿರುವ ಪ್ರಮಾದವನ್ನು ಹೇಳಿತು. ಎಚ್ಚರ ತಪ್ಪಿದ ಮನಸ್ಸೇ ಹಿಂಸೆಯ ತವರು. ಮದ್ಯ ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ, ಮರೆತವನು ಅಂಜಿಕೆಯಿಲ್ಲದೆ ಹಿಂಸೆಗೆ ಇಳಿಯುತ್ತಾನೆ ಎಂಬುದು ಪುರುಷಾರ್ಥಸಿದ್ಧ್ಯುಪಾಯದ ವಿಚಾರಸರಣಿ.

ಈ ದೃಷ್ಟಿಯಿಂದ ನೋಡಿದರೆ ಮನೆಯ ಕಾಕ್‌ಟೇಲ್ ಬೀದಿಯ ಕುಡಿತಕ್ಕಿಂತ ವಿಚಿತ್ರವಾದದ್ದು. ಆಯಾಸದಿಂದಲೋ ದುಃಖದಿಂದಲೋ ಕುಡಿಯುವ ಕೂಲಿಕಾರ ಪ್ರಮಾದದೊಳಗೆ ಬೀಳುತ್ತಾನೆ. ಮನೆಯಲ್ಲಿ ಬೆರೆಸುವವನು ಅಳತೆಯ ಲೋಟ ಹಿಡಿದು, ಹನಿ ಎಣಿಸಿ, ಸಿಪ್ಪೆಯನ್ನು ತೆಳುವಾಗಿ ಹೆರೆದು, ಅತ್ಯಂತ ಎಚ್ಚರದಿಂದ ಪ್ರಮಾದವನ್ನು ತಯಾರಿಸುತ್ತಾನೆ. ಸಾಮಾಯಿಕದಲ್ಲಿ 48 ನಿಮಿಷ ಬೇಕಾದ ಏಕಾಗ್ರತೆಯನ್ನು ತಂದು ಏಕಾಗ್ರತೆಯ ನಾಶಕ್ಕೆ ವಿನಿಯೋಗಿಸುತ್ತಾನೆ. ಬಂಡವಾಳ ಹಾಕಿ ನಷ್ಟವನ್ನು ಕೊಳ್ಳುವ ವ್ಯಾಪಾರವನ್ನು ಯಾವ ವಣಿಕನು ಒಪ್ಪಿಯಾನು?

ಎರಡನೆಯ ವಾದ ಪ್ರಮಾಣದ್ದು. “ಹಣ್ಣಿನ ರಸದಲ್ಲಿ ಸ್ವಲ್ಪವೇ ಬೆರೆಸುತ್ತೇವೆ” ಎನ್ನುತ್ತಾರೆ. ಲೆಕ್ಕ ಬರೆಯುವವರ ಸಮಾಜಕ್ಕೆ ಲೆಕ್ಕದಲ್ಲೇ ಉತ್ತರ ಕೊಡಬಹುದು. ಇಲ್ಲಿನ ವಿಸ್ಕಿಯಲ್ಲಿ ಸಾಮಾನ್ಯವಾಗಿ ಮದ್ಯಸಾರ ಶೇಕಡ 42.8. 60 ಮಿ.ಲೀ. ವಿಸ್ಕಿಯಲ್ಲಿ ಅದು ಸುಮಾರು 25.7 ಮಿ.ಲೀ., ತೂಕದಲ್ಲಿ 20 ಗ್ರಾಂ. ಬ್ರಿಟನ್ 8 ಗ್ರಾಮನ್ನು ಒಂದು ಯೂನಿಟ್ ಎಂದು ಎಣಿಸಿ, ವಾರಕ್ಕೆ 14 ಯೂನಿಟ್ ಮೀರಬಾರದೆಂದು 2016ರಲ್ಲಿ ತನ್ನ ಪ್ರಜೆಗಳಿಗೆ ಸಲಹೆ ಕೊಟ್ಟಿತು. ವಾರದಲ್ಲಿ ಮೂರು ಸಂಜೆ ತಲಾ ಎರಡು ಲೋಟ ಕುಡಿದ ‘ಸ್ವಲ್ಪ’ದವನು ಕುಡಿತವನ್ನು ಒಪ್ಪಿದ ಆ ನಾಡಿನ ಮಿತಿಯನ್ನೂ ದಾಟಿದನು. ಸೋಡಾ, ಹಣ್ಣಿನ ರಸ ಎಷ್ಟೇ ಸೇರಿದರೂ ಈ 20 ಗ್ರಾಂ ಕರಗಿ ಮಾಯವಾಗುವುದಿಲ್ಲ; ಗಂಟಲಿನ ಉರಿ ಮಾತ್ರ ಮಾಯವಾಗುತ್ತದೆ. ಉರಿಯಾದರೂ ‘ಸಾಕು’ ಎಂದು ಹೇಳುತ್ತಿತ್ತು. ಸಿಹಿ ‘ಇನ್ನೊಂದು’ ಎನ್ನುತ್ತದೆ. ಮದ್ಯವನ್ನು ಅರ್ಬುದಕಾರಕಗಳ ಮೊದಲನೆಯ ವರ್ಗಕ್ಕೆ ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆ ಸೇರಿಸಿದ್ದು 1988ರಲ್ಲಿ. ಆರೋಗ್ಯಕ್ಕೆ ಅಪಾಯವಿಲ್ಲದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸಾರಿತು. ಮೂಲಗುಣದಲ್ಲಿ ‘ಸ್ವಲ್ಪ’ಕ್ಕೆ ಏಕೆ ಸ್ಥಾನವಿಲ್ಲವೆಂದು ಇನ್ನೂ ಸಂಶಯಪಡಬೇಕೇ?

ಕೆಮ್ಮಿನ ಔಷಧದಲ್ಲಿ, ಆಯುರ್ವೇದದ ಆಸವ ಅರಿಷ್ಟಗಳಲ್ಲಿ ಮದ್ಯಸಾರವಿಲ್ಲವೇ ಎಂದು ಕೇಳುವವರಿಗೆ ಉತ್ತರ ಚಿಕ್ಕದು. ಔಷಧವನ್ನು ರೋಗಿ ಮುಖ ಸಿಂಡರಿಸಿ ಕುಡಿದು, ಗುಣವಾದ ದಿನ ಬಿಡುತ್ತಾನೆ. ಮಿತ್ರರನ್ನು ಕರೆದು, ಬೆಳಕು ಮಂದ ಮಾಡಿ ಯಾರೂ ಕೆಮ್ಮಿನ ಔಷಧ ಹಂಚುವುದಿಲ್ಲ.

ಮೂರನೆಯ ವಾದ: “ಮನೆಯೊಳಗೆ ಕುಡಿದರೆ ಯಾರಿಗೆ ತೊಂದರೆ? ಮರೆಮಾಚಿ ಕ್ಲಬ್ಬಿನಲ್ಲಿ ಕುಡಿಯುವುದಕ್ಕಿಂತ ಇದು ಪ್ರಾಮಾಣಿಕವಲ್ಲವೇ?” ಪ್ರಾಮಾಣಿಕತೆ ಗುಣವೇ ಸರಿ, ಆದರೆ ಬಹಿರಂಗವಾಗಿ ಮಾಡಿದ ಮಾತ್ರಕ್ಕೆ ವ್ಯಸನ ವ್ರತವಾಗದು. ಸಪ್ತವ್ಯಸನಗಳಲ್ಲಿ ಜೂಜಿನೊಡನೆ, ಕಳ್ಳತನದೊಡನೆ ಮದ್ಯವನ್ನು ಎಣಿಸಿದವರು ಸ್ಥಳವನ್ನು ವಿಚಾರಿಸಲಿಲ್ಲ. ಶ್ರಾವಕನಿಗೆ ಮನೆಯೇ ಮೊದಲ ಬಸದಿ. ಹೊರಗಿನ ಪ್ರಲೋಭನವನ್ನು ಮಗ ಕಾಲೇಜಿನಲ್ಲೋ ಕಚೇರಿಯಲ್ಲೋ ಎದುರಿಸುವಾಗ ಅವನ ಬೆನ್ನಿಗಿರುವುದು ‘ಇದು ನಮ್ಮ ಮನೆಯಲ್ಲಿಲ್ಲ’ ಎಂಬ ಒಂದೇ ವಾಕ್ಯ. ತಂದೆ ಬಾಟಲಿಯನ್ನು ಕಪಾಟಿನಲ್ಲಿ ಇರಿಸಿದ ದಿನ ಆ ವಾಕ್ಯ ಮಗನ ಬಾಯಿಂದ ಕಳಚಿ ಬೀಳುತ್ತದೆ. ಅದರ ಬೆಲೆಯನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯುವುದು?

ಇದರಲ್ಲಿ ವರ್ಗದ ಅನ್ಯಾಯವೂ ಇದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ಅನುಕೂಲಸ್ಥರೆಲ್ಲ ಹೊಗಳಿದರು. ಗಾರೆ ಕೆಲಸದವನ ಸಾರಾಯಿ ಪ್ಯಾಕೆಟ್ಟಿಗೆ ‘ಕುಡಿತ’ ಎಂಬ ಹೆಸರು, ಅವನು ಕಟ್ಟಿದ ಫ್ಲ್ಯಾಟಿನೊಳಗಿನ ಲೋಟಕ್ಕೆ ‘ಅಭಿರುಚಿ’ ಎಂಬ ಹೆಸರು. ಒಳಗಿರುವ ಮದ್ಯಸಾರ ಒಂದೇ. ಊರಿನ ಅಭಿಮಾನವೂ ಇದಕ್ಕೆ ಸಾಕ್ಷಿಯಾಗಿ ಬರುತ್ತದೆ: 1948ರಲ್ಲಿ ಬೆಂಗಳೂರಿನಲ್ಲೇ ಸ್ಥಾಪನೆಯಾದ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿ ಹೆಸರು ಗಳಿಸಿತಲ್ಲವೇ ಎನ್ನುತ್ತಾರೆ. ಅದು ಉದ್ಯಮದ ಸಾಧನೆ, ಶ್ರಾವಕನಿಗೆ ಅನುಮತಿಪತ್ರವಲ್ಲ. ಅವನಿಗೆ ಬಾಟಲಿಯ ಮೇಲಿನ ಅಮೃತಕ್ಕಿಂತ ಆಚಾರ್ಯ ಅಮೃತಚಂದ್ರರ ಮಾತು ಹತ್ತಿರವಾಗಿರಬೇಕು.

ಇನ್ನು ಅತಿಥಿಸತ್ಕಾರದ ಮಾತು. ವ್ಯಾಪಾರಕ್ಕಾಗಿ ಕುಡಿಸಬೇಕಾಗುತ್ತದೆ ಎನ್ನುವವರು ತಮ್ಮ ಅಜ್ಜಂದಿರ ಖಾತೆಗಳನ್ನು ನೋಡಲಿ. ಲಕ್ಷಾಂತರ ರೂಪಾಯಿಗಳ ವ್ಯವಹಾರ ಗದ್ದಿಗೆಯ ಮೇಲೆ, ಒಂದು ಲೋಟ ನಿಂಬೆ ಪಾನಕದ ಸಾಕ್ಷಿಯಲ್ಲಿ ನಡೆದಿತ್ತು. ನಿಂಬೆ, ಏಲಕ್ಕಿ, ಕರಿಮೆಣಸು, ಬೆಲ್ಲ, ಪುನರ್ಪುಳಿಗಳಿಂದ ಹಗಲಿನಲ್ಲಿ ಮಾಡುವ ಪಾನಕಕ್ಕೆ ರುಚಿಯೂ ಇದೆ, ಮರ್ಯಾದೆಯೂ ಇದೆ. ಆದರೆ ಮದ್ಯವಿಲ್ಲದ ಪಾನಕವನ್ನೇ ಮದ್ಯದ ಲೋಟದಲ್ಲಿ ಸುರಿದು, ಮದ್ಯದ ಹೆಸರಿಟ್ಟು, ಮಕ್ಕಳ ಕೈಗೆ ಕೊಟ್ಟು ಲೋಟಕ್ಕೆ ಲೋಟ ತಾಗಿಸಿ ನಲಿಯುವ ರೂಢಿಯ ಬಗೆಗೂ ಯೋಚಿಸಬೇಕು. ಜನ್ನ ಕವಿಯ ಯಶೋಧರ ಚರಿತೆ 1209ರ ಕೃತಿ. ಅದರಲ್ಲಿ ಅರಸನು ಜೀವಂತ ಪ್ರಾಣಿಯನ್ನು ಬಲಿ ಕೊಡಲಿಲ್ಲ. ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಕೊಯ್ದನು. ಆ ಸಂಕಲ್ಪದ ಫಲವಾಗಿ ತಾಯಿಯೂ ಮಗನೂ ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ಪಾನಕ ಪಾಪವಲ್ಲ. ಮದ್ಯಪಾನದ ಅಭಿನಯವನ್ನು ಎಳೆಯ ಮನಸ್ಸಿಗೆ ಕಲಿಸುವುದು ಹಿಟ್ಟಿನ ಕೋಳಿ.

ಮಂದಿರದ ಟ್ರಸ್ಟುಗಳಿಗೂ ಇಲ್ಲಿ ಹೊಣೆಯಿದೆ. ಮದ್ಯದ ವ್ಯಾಪಾರ ರಸವಾಣಿಜ್ಯವೆಂದು, ಗೃಹಸ್ಥನು ಬಿಡಬೇಕಾದ 15 ಕರ್ಮಾದಾನಗಳಲ್ಲಿ ಒಂದೆಂದು ಶ್ವೇತಾಂಬರ ಶಾಸ್ತ್ರ ಹೇಳುತ್ತದೆ. ಅಭಿಷೇಕದ ಸವಾಲು ಕೂಗುವಾಗ ಹಣದ ಮೊತ್ತವನ್ನು ಕೇಳುವವರು ಅದರ ಮೂಲವನ್ನೂ ಕೇಳಲಿ. ಟ್ರಸ್ಟಿನ ಪದಾಧಿಕಾರಿಗಳು ಅಷ್ಟಮೂಲಗುಣಗಳ ನಿಯಮವನ್ನು ಬಹಿರಂಗವಾಗಿ ಸ್ವೀಕರಿಸಿ ಅಧಿಕಾರ ವಹಿಸಲಿ. ಮದ್ಯ ಹಂಚುವ ಮದುವೆಯ ಸಂಜೆಗೆ ಹೋಗಿ ಹಾರ ಹಾಕಿಸಿಕೊಳ್ಳದಿರಲಿ. ಪಾಠಶಾಲೆಯ ಮಕ್ಕಳಿಗೆ ಮೂಲಗುಣಗಳ ಹೆಸರನ್ನು ಬಾಯಿಪಾಠ ಮಾಡಿಸುವುದರೊಡನೆ ಅವುಗಳ ಕಾರಣವನ್ನೂ ತಿಳಿಸಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಸಮ್ಯಗ್ದರ್ಶನದ ಎಂಟು ಅಂಗಗಳ ಪೈಕಿ ಎರಡು. ಉಪಗೂಹನವೆಂದರೆ ಧರ್ಮಬಂಧುವಿನ ದೋಷವನ್ನು ಬೀದಿಗೆ ಎಳೆಯದಿರುವುದು. ಸ್ಥಿತಿಕರಣವೆಂದರೆ ಜಾರುವವನನ್ನು ಹಿಡಿದು ಮತ್ತೆ ಧರ್ಮದಲ್ಲಿ ನಿಲ್ಲಿಸುವುದು. ಜೈನ ಸಮಾಜ ಮೊದಲನೆಯದನ್ನು ಅತಿಯಾಗಿ ಪಾಲಿಸಿ ಎರಡನೆಯದನ್ನು ಮರೆತಿದೆ. ಮಗ ಕುಡಿಯುತ್ತಾನೆಂದು ತಾಯಿಗೆ ಗೊತ್ತು, ನೆರೆಯವರಿಗೆ ಗೊತ್ತು, ಟ್ರಸ್ಟಿಗೂ ಗೊತ್ತು; ಯಾರೂ ಮಾತನಾಡುವುದಿಲ್ಲ. ಸಂಬಂಧ ಕುದುರುವವರೆಗೆ ಮುಚ್ಚಿಟ್ಟದ್ದನ್ನು ಸೊಸೆಯಾಗಿ ಬಂದವಳು ಮೊದಲ ತಿಂಗಳಲ್ಲೇ ಕಂಡು ಕಣ್ಣೀರಿಡುತ್ತಾಳೆ. ಸ್ಥಿತಿಕರಣವಿಲ್ಲದ ಉಪಗೂಹನ ಬರಿಯ ಮುಚ್ಚುಮರೆ. ಚಟವಾಗಿ ಬೆಳೆದಿದ್ದರೆ ಅದು ಚಿಕಿತ್ಸೆಯ ವಿಷಯ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ವಿಶ್ವೇಶ್ವರಪುರಂನಿಂದ ಅಲ್ಲಿಗೆ ದೂರವೇನೂ ಇಲ್ಲ. ಕರೆದುಕೊಂಡು ಹೋಗುವ ಒಬ್ಬ ಹಿರಿಯನ ಕೈ ಬೇಕು.

ಚಟವಾಗದವರ ಕೆಲಸ ಇನ್ನೂ ಸುಲಭ. ಈ ಚಾತುರ್ಮಾಸ್ಯದಲ್ಲಿ ಮುನಿಗಳ ಎದುರು ನಿಯಮ ಕೇಳುವ ಮೊದಲು ಮನೆಯ ಮೂಲೆಯ ಆ ಕಪಾಟನ್ನು ಬರಿದುಮಾಡಿ, ಅಲ್ಲಿ ಸ್ವಾಧ್ಯಾಯದ ಗ್ರಂಥಗಳನ್ನು ಇಡಲಿ. ಬಾಟಲಿಗಳನ್ನು ಮಿತ್ರರಿಗೆ ದಾನ ಮಾಡಬಾರದು, ಮಾರಲೂ ಬಾರದು. ಪರರ ಕೈಯಿಂದ ಮಾಡಿಸಿದ ಹಿಂಸೆಯಲ್ಲಿಯೂ ಪಾಲಿದೆಯೆಂಬುದು ಶ್ರಾವಕನಿಗೆ ಹೊಸ ಪಾಠವಲ್ಲ.