ಮುಳುಗಿದವರಲ್ಲಿ ಯಾರನ್ನು ಎತ್ತಿದರು?

ಸಾಹುಕಾರನ ಸಾಲ ತೀರಿಸಲಾಗದ ಕೂಲಿಯವನ ಗತಿ ಏನಾಗುತ್ತದೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಅದನ್ನು ಮನೆಯಲ್ಲೇ ಕಂಡು ಹಾಸ್ಟೆಲಿಗೆ ಬಂದವರು. ಆದರೆ ಸಾಹುಕಾರನೇ ದಿವಾಳಿ ಎದ್ದರೆ? ಆಗ ಸರ್ಕಾರ ಏನು ಮಾಡುತ್ತದೆ, ಪಕ್ಷಗಳು ಏನು ಮಾಡುತ್ತವೆ? ಇದಕ್ಕೆ ಉತ್ತರ 2008ರ ಅಮೆರಿಕದಲ್ಲಿದೆ.

ಅಲ್ಲಿನ ಬ್ಯಾಂಕುಗಳು ಮನೆ ಕೊಳ್ಳಲು ಕಂಡಕಂಡವರಿಗೆ ಸಾಲ ಕೊಟ್ಟವು. ತೀರಿಸುವ ಶಕ್ತಿ ಇದೆಯೋ ಇಲ್ಲವೋ ನೋಡಲಿಲ್ಲ. ಯಾಕೆಂದರೆ ಆ ಸಾಲಪತ್ರಗಳನ್ನು ಕಂತೆ ಕಟ್ಟಿ ಬೇರೆಯವರಿಗೆ ಮಾರಿಬಿಡುತ್ತಿದ್ದರು. ಮಾರಿದ ಮೇಲೆ ಮುಳುಗಿದರೆ ಕೊಂಡವನ ಕರ್ಮ! ಕಪ್ಪು ಜನರ ಕೇರಿಗಳಲ್ಲಿ ಈ ದಂಧೆ ಇನ್ನೂ ಜೋರು. ಕಂಟ್ರಿವೈಡ್ ಎಂಬ ಕಂಪನಿ ಕಪ್ಪು ಮತ್ತು ಹಿಸ್ಪಾನಿಕ್ ಜನರಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿಯಿಂದ, ಅಷ್ಟೇ ಅರ್ಹತೆಯ ಬಿಳಿಯರಿಗಿಂತ ಹೆಚ್ಚು ಕಿತ್ತಿತೆಂದು ಅಲ್ಲಿನ ಸರ್ಕಾರವೇ ಆರೋಪ ಹೊರಿಸಿತು. 2011ರಲ್ಲಿ 33.5 ಕೋಟಿ ಡಾಲರಿಗೆ ರಾಜಿಯಾಯಿತು. ಬಣ್ಣ ನೋಡಿ ಬಡ್ಡಿ! ಜಾತಿ ನೋಡಿ ಲೋಟ ಕೊಡುವವರನ್ನು ಕಂಡ ನಮಗೆ ಇದು ಹೊಸತೇ?

2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ದಿವಾಳಿ ಎದ್ದಿತು. ಮರುದಿನವೇ ಎಐಜಿ ಎಂಬ ವಿಮಾ ಕಂಪನಿಗೆ 8,500 ಕೋಟಿ ಡಾಲರ್ ಸಾಲ ಸಿಕ್ಕಿತು. ಆಮೇಲೆ ರಿಪಬ್ಲಿಕನ್ ಪಕ್ಷದ ಬುಷ್ ಸರ್ಕಾರ ಬ್ಯಾಂಕುಗಳಿಗೆಂದು 70 ಸಾವಿರ ಕೋಟಿ ಡಾಲರ್ ಕೇಳಿತು. ಕೇಳಿದ ಖಜಾನೆ ಮಂತ್ರಿ ಪಾಲ್ಸನ್, ಹಿಂದೆ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನ ಯಜಮಾನ. ಮೊದಲ ಕರಡು ಬರೀ ಮೂರು ಪುಟ. ಮಂತ್ರಿಯ ತೀರ್ಮಾನವನ್ನು ಕೋರ್ಟು ಕೂಡ ಪ್ರಶ್ನಿಸುವಂತಿಲ್ಲ ಅಂತ ಅದರಲ್ಲಿತ್ತು. ನಿಮ್ಮ ಸ್ಕಾಲರ್‌ಶಿಪ್ಪಿಗೆ ಎಷ್ಟು ಪುಟದ ಅರ್ಜಿ, ಎಷ್ಟು ಸರ್ಟಿಫಿಕೇಟು, ಲೆಕ್ಕ ಹಾಕಿ ನೋಡಿ.

ಚುನಾವಣೆಗೆ ಐದೇ ವಾರ. ಸೆಪ್ಟೆಂಬರ್ 29ರಂದು ಕೆಳಮನೆ ಮಸೂದೆಯನ್ನು 228-205ರಲ್ಲಿ ಸೋಲಿಸಿತು. ಎರಡೂ ಪಕ್ಷಗಳಲ್ಲಿ ಮತದಾರರಿಗೆ ಹೆದರಿದವರಿದ್ದರು. ಷೇರುಪೇಟೆ ಅಂದೇ ಕುಸಿಯಿತು. ನಾಲ್ಕೇ ದಿನ. ಅಕ್ಟೋಬರ್ 3ರಂದು ಅದೇ ಮನೆ 263-171ರಲ್ಲಿ ಒಪ್ಪಿಗೆ ಕೊಟ್ಟಿತು. ಅಧ್ಯಕ್ಷಗಿರಿಗೆ ಎದುರಾಳಿಗಳಾಗಿ ನಿಂತ ಒಬಾಮಾ, ಮೆಕೇನ್ ಇಬ್ಬರೂ ಮೇಲ್ಮನೆಯಲ್ಲಿ ಪರವಾಗಿಯೇ ಓಟು ಹಾಕಿದರು. ವೇದಿಕೆಯ ಮೇಲೆ ಜಗಳ, ಊಟಕ್ಕೆ ಒಂದೇ ಪಂಕ್ತಿ!

1965ರಲ್ಲಿ ಸೆಲ್ಮಾದ ಸೇತುವೆ ಮೇಲೆ ಪೊಲೀಸರ ಲಾಠಿಗೆ ತಲೆಯೊಡ್ಡಿದ ಜಾನ್ ಲೂಯಿಸ್ ಮೊದಲ ದಿನ 'ಇಲ್ಲ' ಎಂದವರು, ನಾಲ್ಕು ದಿನದಲ್ಲಿ 'ಹೌದು' ಎಂದರು. ಅವರನ್ನು ದ್ರೋಹಿ ಎಂದು ನಾವು ಕರೆಯುವುದಿಲ್ಲ. ಪೇಟೆ ಮುಳುಗಿದರೆ ಮೊದಲು ಕೆಲಸ ಕಳೆದುಕೊಳ್ಳುವವರು ಬಡವರೇ ಎಂಬುದು ಸುಳ್ಳಲ್ಲ. 'ನಾನು ಮುಳುಗಿದರೆ ನೀನೂ ಮುಳುಗ್ತೀಯ' ಅಂತ ಗೌಡನೂ ಕೂಲಿಯವನಿಗೆ ಹೇಳುವುದು ಇದನ್ನೇ. ಅಂಥ ಹೋರಾಟಗಾರನನ್ನೂ ಬಗ್ಗಿಸಿದ್ದು ಈ ಹೆದರಿಕೆ. ಇದನ್ನು ಅರ್ಥ ಮಾಡಿಕೊಳ್ಳದೆ ಬರೀ ಬೈದರೆ ನಮಗೇನೂ ದಕ್ಕುವುದಿಲ್ಲ.

ಬ್ಯಾಂಕುಗಳು ಹಣವನ್ನು ಬಡ್ಡಿ ಸಮೇತ ವಾಪಸ್ ಕೊಟ್ಟವಲ್ಲ ಎಂದು ವಾದಿಸುವವರಿದ್ದಾರೆ. ಬಹುಪಾಲು ಕೊಟ್ಟದ್ದು ನಿಜ. ಆದರೆ ಹರಾಜಾದ ಮನೆ ವಾಪಸ್ ಬಂತೇ? ಒಬಾಮಾ ಸರ್ಕಾರ 2009ರಲ್ಲಿ 30ರಿಂದ 40 ಲಕ್ಷ ಸಾಲಗಾರರ ಮನೆ ಉಳಿಸುತ್ತೇವೆ ಎಂದಿತು. ಆ ಗುರಿ ಮುಟ್ಟಲೇ ಇಲ್ಲ. ಅದೇ ವರ್ಷ ಎಐಜಿಯ ದೊಡ್ಡವರಿಗೆ ಮಾತ್ರ 16.5 ಕೋಟಿ ಡಾಲರ್ ಬೋನಸ್ಸು. ಬ್ಯಾಂಕಿಗೆ ಉಸಿರಾಡಲು ಸಮಯ ಕೊಟ್ಟರು, ಬಡವನಿಗೆ ನೋಟೀಸು ಕೊಟ್ಟರು.

ಅದೇ ನ್ಯೂಯಾರ್ಕಿನಲ್ಲಿ ಓದಿ ಬಂದ ಬಾಬಾಸಾಹೇಬರು 1947ರಲ್ಲೇ ವಿಮೆ ಸರ್ಕಾರದ ಏಕಸ್ವಾಮ್ಯವಾಗಲಿ, ಮೂಲ ಕೈಗಾರಿಕೆ ಸರ್ಕಾರದ್ದಾಗಲಿ, ಇದು ಸಂವಿಧಾನದಲ್ಲೇ ಇರಲಿ ಎಂದು ಬರೆದಿದ್ದರು. ಗೆದ್ದ ಪಕ್ಷದ ಮರ್ಜಿಗೆ ಬಿಟ್ಟರೆ ಇವತ್ತು ಕಟ್ಟಿದ್ದನ್ನು ನಾಳೆ ಕೆಡವುತ್ತಾರೆ ಎಂಬುದು ಅವರ ಎಚ್ಚರಿಕೆ. ಅಮೆರಿಕ ಸರ್ಕಾರವೂ ಎಐಜಿಯ ಶೇ. 79.9 ಪಾಲು ಹಿಡಿದಿತ್ತು. 2012ರ ಕೊನೆಗೆ ಎಲ್ಲವನ್ನೂ ಮಾರಿ ಕೈತೊಳೆದುಕೊಂಡಿತು. ನಷ್ಟದ ದಿನ ಸಮಾಜವಾದ, ಲಾಭದ ದಿನ ಖಾಸಗಿ!

ನಮ್ಮ ದೇಶದ್ದೂ ಒಂದು ಮಾತು. ಅದೇ 2008ರ ಫೆಬ್ರವರಿ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ 60,000 ಕೋಟಿ ರೂಪಾಯಿ ರೈತರ ಸಾಲಮನ್ನಾ ಘೋಷಿಸಿತು. ಅದು ತಪ್ಪು ಅಂತ ನಾವು ಹೇಳುವುದಿಲ್ಲ. ಆದರೆ ಮನ್ನಾ ಆಗಿದ್ದು ಬ್ಯಾಂಕು, ಸೊಸೈಟಿಗಳ ಸಾಲ. ಪಹಣಿಯೇ ಇಲ್ಲದವನಿಗೆ ಬೆಳೆಸಾಲ ಎಲ್ಲಿ? ಸಾಹುಕಾರನ ಹತ್ತಿರ ಕೈಚಾಚಿದ ನಮ್ಮ ಅಪ್ಪಂದಿರ ಸಾಲ ಹಾಗೇ ಉಳಿಯಿತು.

ಗೆಳೆಯರೇ, ನಾಳೆ ಓಟು ಕೇಳಲು ಹಾಸ್ಟೆಲಿನ ಬಾಗಿಲಿಗೆ ಯಾವ ಬಾವುಟದವರು ಬಂದರೂ ಒಂದೇ ಪ್ರಶ್ನೆ ಕೇಳಿ: ಕಷ್ಟಕಾಲದಲ್ಲಿ ನೀವು ಯಾರ ಸಾಲ ಮನ್ನಾ ಮಾಡಿದಿರಿ, ಯಾರ ಅನ್ನ ಕಡಿತ ಮಾಡಿದಿರಿ? ಲೆಕ್ಕದ ಪುಸ್ತಕ ಬಿಚ್ಚಿಸದೆ ಬಿಡಬೇಡಿ. ಓದು ಕಲಿತದ್ದು ಅದಕ್ಕೇ.