ಗಾಡಿ ಪಕ್ಕಕ್ಕೆ ಹಾಕಿ, ಸಾರ್!

ರಸ್ತೆಯಲ್ಲಿ ಸಂಚಾರ ಪೊಲೀಸರೊಬ್ಬರು ಕೈ ಅಡ್ಡ ಹಿಡಿದ ಕೂಡಲೇ ವಾಹನ ಸವಾರರಲ್ಲಿ ಆಗುವ ಬದಲಾವಣೆಗಳು ಬಗೆಬಗೆಯವು. ಒಬ್ಬರು ಥಟ್ಟನೆ ಅಡ್ಡರಸ್ತೆಗೆ ತಿರುಗಿಸುತ್ತಾರೆ. ಇನ್ನೊಬ್ಬರು ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟುಕೊಂಡಿದ್ದ ಹೆಲ್ಮೆಟ್ಟನ್ನು ಅವಸರದಲ್ಲಿ ತಲೆಗೆ ಏರಿಸುತ್ತಾರೆ. ಮತ್ತೊಬ್ಬರು ಗಾಡಿ ನಿಲ್ಲಿಸುವ ಮೊದಲೇ ಫೋನು ತೆಗೆದು ಪರಿಚಯದ ದೊಡ್ಡವರ ಸಂಖ್ಯೆ ಹುಡುಕುತ್ತಾರೆ. ಎದೆ ಡವಡವ ಎನ್ನುವುದು ಮಾತ್ರ ಎಲ್ಲರಿಗೂ. ಕಾಗದಪತ್ರಗಳೆಲ್ಲ ಸರಿಯಾಗಿ ಇರುವವರಿಗೂ!

ಲೆಕ್ಕಕ್ಕೆ ನೋಡಿದರೆ ಇದು ಎರಡು ನಿಮಿಷದ ಕೆಲಸ. ಪೊಲೀಸರು ಕೇಳಬೇಕು, ಸವಾರರು ತೋರಿಸಬೇಕು, ತಪ್ಪಿದ್ದರೆ ದಂಡ ಕಟ್ಟಿ ರಸೀದಿ ಪಡೆಯಬೇಕು, ಮುಂದೆ ಹೋಗಬೇಕು. ಆದರೆ ಅನೇಕ ಸಲ ಆಗುವುದೇ ಬೇರೆ. ಮಾತಿಗೆ ಮಾತು ಬೆಳೆಯುತ್ತದೆ, ಸುತ್ತ ಜನ ಸೇರುತ್ತಾರೆ, ಹಿಂದೆ ವಾಹನಗಳು ಸಾಲುಗಟ್ಟುತ್ತವೆ. ಐನೂರು ರೂಪಾಯಿಯಲ್ಲಿ ಮುಗಿಯುತ್ತಿದ್ದ ವಿಷಯ ಠಾಣೆಯ ಮೆಟ್ಟಿಲು ಹತ್ತುತ್ತದೆ. ಹಿಂದಿನ ಸೀಟಿನಲ್ಲಿ ಶಾಲೆಯ ಬ್ಯಾಗು ಹೊತ್ತ ಮಗು ಇದನ್ನೆಲ್ಲ ಕಣ್ಣರಳಿಸಿ ನೋಡುತ್ತಿರುತ್ತದೆ.

ಎದೆ ಏಕೆ ಬಡಿದುಕೊಳ್ಳುತ್ತದೆ?

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳ ಬಗ್ಗೆ ಪ್ರೌಢಶಾಲೆಯ ಜೀವಶಾಸ್ತ್ರದಲ್ಲಿ ಪಾಠವಿದೆ. ಅಪಾಯ ಕಂಡಾಗ ಈ ಗ್ರಂಥಿಗಳು ಅಡ್ರಿನಲಿನ್ ಎಂಬ ರಸದೂತವನ್ನು ರಕ್ತಕ್ಕೆ ಬಿಡುತ್ತವೆ. ಹೃದಯದ ಬಡಿತ ಏರುತ್ತದೆ, ಉಸಿರು ಬಿರುಸಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಎದುರಾಳಿಯೊಡನೆ ಹೋರಾಡುವುದಕ್ಕೆ ಅಥವಾ ಓಡಿಹೋಗುವುದಕ್ಕೆ ದೇಹ ಸಿದ್ಧವಾಗುವ ಬಗೆ ಇದು. ಕಾಡಿನಲ್ಲಿ ಹುಲಿ ಎದುರಾದಾಗ ಇದು ಉಪಕಾರಿ. ಊರಿನ ಸರ್ಕಲ್ಲಿನಲ್ಲಿ ಎರಡೂ ಅಪಾಯಕಾರಿ. ಹೋರಾಟಕ್ಕೆ ಹೋದರೆ ಜಗಳ, ಓಡಿದರೆ ಅಪಘಾತ.

ಈ ಉದ್ವೇಗ ಇಳಿಯಲು ಕೆಲವು ನಿಮಿಷಗಳಾದರೂ ಬೇಕು. ಆದ್ದರಿಂದಲೇ ಮೊದಲ ಮಾತು ಮುಖ್ಯ. ಎಂಜಿನ್ ಆಫ್ ಮಾಡಿ, ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ಎರಡು ಸಲ ದೀರ್ಘವಾಗಿ ಉಸಿರಾಡಿ, ಆಮೇಲೆ ಮಾತನಾಡಿದವರ ದನಿ ತಾನಾಗಿ ತಗ್ಗಿರುತ್ತದೆ. ಪೊಲೀಸರ ದೇಹವೂ ಇದೇ ನಿಯಮಕ್ಕೆ ಒಳಪಟ್ಟಿದೆ ಎಂಬುದನ್ನು ಮರೆಯಬಾರದು. ಬಿಸಿಲು, ಹೊಗೆ, ಹಾರನ್ನುಗಳ ನಡುವೆ ಗಂಟೆಗಟ್ಟಲೆ ನಿಂತವರು ಅವರು. ಎದುರಿಗೆ ಬರುವ ವಾಹನದಲ್ಲಿ ಇರುವವರು ಸಜ್ಜನರೋ, ಕುಡಿದವರೋ, ಕದ್ದ ಗಾಡಿ ತಂದವರೋ ಅವರಿಗೆ ತಿಳಿದಿರುವುದಿಲ್ಲ.

ನಿಲ್ಲುವುದಕ್ಕೂ ಒಂದು ಲೆಕ್ಕವಿದೆ

ಸೌಜನ್ಯ ಎಂದರೆ ಬರಿಯ ಸಿಹಿಮಾತಲ್ಲ. ಹೇಗೆ ತಡೆಯುತ್ತಾರೆ, ಹೇಗೆ ನಿಲ್ಲಿಸುತ್ತಾರೆ ಎಂಬುದರಲ್ಲೇ ಅದು ಆರಂಭವಾಗುತ್ತದೆ. ಇದಕ್ಕೆ ಭೌತಶಾಸ್ತ್ರದ ಒಂದು ಸಣ್ಣ ಲೆಕ್ಕ ಸಾಕು. ಗಂಟೆಗೆ 40 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಅಡ್ಡ ಹಿಡಿದ ಕೈಯನ್ನು ಕಣ್ಣು ಕಂಡು, ಮೆದುಳು ತಿಳಿದು, ಕೈಕಾಲು ಬ್ರೇಕ್ ಹಿಡಿಯಲು ಒಂದು ಸೆಕೆಂಡು ಬೇಕೆಂದಿಟ್ಟುಕೊಂಡರೆ ಅಷ್ಟರಲ್ಲೇ ಗಾಡಿ 11 ಮೀಟರ್ ಮುಂದೆ ಹೋಗಿರುತ್ತದೆ. ಒಣಗಿದ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ವೇಗವನ್ನು ಪ್ರತಿ ಸೆಕೆಂಡಿಗೆ 6 ಮೀಟರ್‌ನಷ್ಟು ಇಳಿಸುತ್ತದೆ ಎಂದುಕೊಂಡರೆ ಪೂರ್ತಿ ನಿಲ್ಲಲು ಇನ್ನೂ 10 ಮೀಟರ್ ಬೇಕು. ಒಟ್ಟು 21 ಮೀಟರ್.

ವೇಗ 60 ಕಿಲೋಮೀಟರ್ ಆದರೆ? ವೇಗ ಒಂದೂವರೆ ಪಟ್ಟು. ಆದರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ಎರಡೂಕಾಲು ಪಟ್ಟು. ಏಕೆಂದರೆ ಈ ದೂರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಒಟ್ಟು ಲೆಕ್ಕ ಸುಮಾರು 40 ಮೀಟರಿಗೆ ಬರುತ್ತದೆ. ಮಳೆ ಬಿದ್ದ ರಸ್ತೆಯಾದರೆ ಇನ್ನೂ ಹೆಚ್ಚು. ಹೀಗಿರುವಾಗ ಹತ್ತು ಮೀಟರ್ ಎದುರಿಗೆ ಏಕಾಏಕಿ ಯಾರಾದರೂ ಅಡ್ಡ ಬಂದರೆ ಎಂಥ ನಿಪುಣ ಸವಾರನಿಗೂ ನಿಲ್ಲಿಸಲು ಆಗದು. ಪಕ್ಕಕ್ಕೆ ಎಳೆಯುತ್ತಾನೆ, ಆಯ ತಪ್ಪುತ್ತಾನೆ.

ಇದು ಬರಿಯ ಕಪ್ಪುಹಲಗೆಯ ಲೆಕ್ಕವಲ್ಲ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ, ನಾಯಿ ಕಚ್ಚಿದ್ದ ಪುಟ್ಟ ಹೆಣ್ಣುಮಗುವೊಂದನ್ನು ತಂದೆತಾಯಿ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ತಪಾಸಣೆಗೆ ನಿಂತಿದ್ದ ಪೊಲೀಸರು ತಡೆದ ಸಂದರ್ಭದಲ್ಲಿ ಆಯ ತಪ್ಪಿ ಮಗು ರಸ್ತೆಗೆ ಬಿದ್ದಿತು. ವಾಹನ ಹರಿದು ಪ್ರಾಣ ಹೋಯಿತು. ಮೂವರು ಸಹಾಯಕ ಸಬ್‌ಇನ್‌ಸ್ಪೆಕ್ಟರುಗಳು ಅಮಾನತಾದರು. ಅದರ ಬೆನ್ನಿಗೇ ರಾಜ್ಯದ ಪೊಲೀಸ್ ಮಹಾನಿರ್ದೇಶಕರು, ಕಣ್ಣಿಗೆ ಕಾಣುವಂತಹ ನಿಯಮ ಉಲ್ಲಂಘನೆ ಇಲ್ಲದೆ ವಾಹನಗಳನ್ನು ತಡೆಯಬಾರದು, ಏಕಾಏಕಿ ಅಡ್ಡ ಹೋಗಬಾರದು, ಗಾಡಿಯ ಕೀ ಕಿತ್ತುಕೊಳ್ಳಬಾರದು ಎಂದು ಸೂಚನೆ ಹೊರಡಿಸಿದರು. ಕಾಗದಪತ್ರ ನೋಡುವುದಕ್ಕೆಂದೇ ವಾಹನ ನಿಲ್ಲಿಸಬಾರದೆಂಬ ಮಾತನ್ನು 2022ರಲ್ಲಿಯೂ ಅಂದಿನ ಮಹಾನಿರ್ದೇಶಕರು ಹೇಳಿದ್ದರು. ಕುಡಿದು ಓಡಿಸುವವರ ತಪಾಸಣೆಗೆ ಮಾತ್ರ ವಿನಾಯಿತಿ ಇತ್ತು. ಆ ಮಾತು ಎಲ್ಲ ರಸ್ತೆಗಳಲ್ಲೂ ಪಾಲನೆಯಾಗಿದ್ದರೆ ಎರಡನೆಯ ಸಲ ಹೇಳಬೇಕಾಗುತ್ತಿರಲಿಲ್ಲ.

ಸವಾರರ ಪಾಲಿನ ಸೌಜನ್ಯವೂ ಇದೇ ಲೆಕ್ಕದಲ್ಲಿದೆ. ಕೈ ಕಂಡೊಡನೆ ವೇಗ ತಗ್ಗಿಸಿ, ಎಡಕ್ಕೆ ಇಂಡಿಕೇಟರ್ ಹಾಕಿ, ಹಿಂದೆ ಬರುವವರಿಗೆ ತೊಂದರೆಯಾಗದಂತೆ ಪಕ್ಕಕ್ಕೆ ನಿಲ್ಲಿಸುವುದು. ಕೈ ಅಡ್ಡ ಹಿಡಿದು ನಿಂತ ಪೊಲೀಸರಿಗೆ ಬಂಪರೂ ಇಲ್ಲ, ಏರ್‌ಬ್ಯಾಗೂ ಇಲ್ಲ. ಕೊನೆಯ ಕ್ಷಣದಲ್ಲಿ ನುಸುಳಿಹೋಗಲು ನೋಡುವವನು ಅವರ ಜೀವವನ್ನು ಪಣಕ್ಕೆ ಇಡುತ್ತಾನೆ.

ಏಕವಚನದ ಪೆಟ್ಟು

ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ಕನ್ನಡದಲ್ಲಿ ಹಾಗಲ್ಲ. ‘ಲೈಸೆನ್ಸ್ ತೆಗಿ’ ಎನ್ನುವುದಕ್ಕೂ ‘ಲೈಸೆನ್ಸ್ ತೆಗೀರಿ’ ಎನ್ನುವುದಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಆದರೆ ಆ ‘ರಿ’ ಇಲ್ಲದಾಗ ಐವತ್ತರ ಪ್ರಾಯದ ಆಟೋ ಚಾಲಕರೊಬ್ಬರಿಗೆ ಆಗುವ ನೋವು ದಂಡದ ಹಣಕ್ಕಿಂತ ದೊಡ್ಡದು. ಕಾರಿನಲ್ಲಿ ಬಂದವರಿಗೆ ‘ಸಾರ್’, ಹಳೆಯ ಲೂನಾದಲ್ಲಿ ಸೊಪ್ಪಿನ ಮೂಟೆ ಕಟ್ಟಿಕೊಂಡು ಬಂದವರಿಗೆ ‘ಏಯ್’ ಎಂದರೆ ಅದು ಕಾನೂನು ಮಾತನಾಡಿದಂತಾಗದು.

ಪೆಟ್ಟು ಒಂದೇ ಕಡೆಯದಲ್ಲ. ಮಗನ ವಯಸ್ಸಿನ ಹುಡುಗನೊಬ್ಬ ದೊಡ್ಡ ಕಾರಿನ ಗಾಜು ಅರ್ಧ ಇಳಿಸಿ, ನಿವೃತ್ತಿಗೆ ಹತ್ತಿರವಾದ ಹೆಡ್ ಕಾನ್‌ಸ್ಟೆಬಲ್ಲರಿಗೆ ‘ನಾನ್ಯಾರು ಗೊತ್ತಾ?’ ಎಂದು ಕೇಳುವುದೂ ಉಂಟು. ಆ ಪ್ರಶ್ನೆಗೆ ಕಾನೂನಿನಲ್ಲಿ ಒಂದೇ ಉತ್ತರ: ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ, ಗೊತ್ತು ಮಾಡಿಕೊಳ್ಳುವುದಕ್ಕೇ ಲೈಸೆನ್ಸ್ ಕೇಳುತ್ತಿರುವುದು! ‘ಫೋನು ಮಾಡಿಕೊಡುತ್ತೇನೆ, ಮಾತಾಡಿ’ ಎನ್ನುವುದೂ ಇದೇ ಜಾತಿಯ ಮಾತು. ದೊಡ್ಡವರ ಹೆಸರು ಹೇಳಿ ತಪ್ಪಿಸಿಕೊಂಡವರ ಹಿಂದೆ ಸಾಲಿನಲ್ಲಿ ನಿಂತಿರುವವರು ಯಾರ ಹೆಸರು ಹೇಳಬೇಕು?

ಕಾನೂನು ಹೇಳುವುದೇನು?

ಇಬ್ಬರೂ ತಮ್ಮ ತಮ್ಮ ಕರ್ತವ್ಯ ತಿಳಿದಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. 1988ರ ಮೋಟಾರು ವಾಹನ ಕಾಯಿದೆಯ 119ನೇ ಕಲಮಿನ ಪ್ರಕಾರ ಸಂಚಾರ ನಿಯಂತ್ರಿಸುತ್ತಿರುವ ಪೊಲೀಸರ ನಿರ್ದೇಶನವನ್ನು ಚಾಲಕರು ಪಾಲಿಸಲೇಬೇಕು. 130ನೇ ಕಲಮು ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಬೇಕೆನ್ನುತ್ತದೆ. ‘ಸಮವಸ್ತ್ರದಲ್ಲಿರುವ’ ಎಂಬ ಮಾತನ್ನು ಗಮನಿಸಬೇಕು. ಕೇಳುವವರು ಯಾರೆಂದು ತಿಳಿಯುವ ಹಕ್ಕು ಸವಾರರಿಗೂ ಇದೆ ಎಂಬುದು ಅದರ ಹುರುಳು.

ಮೂಲ ಕಾಗದ ಮನೆಯಲ್ಲಿದೆ ಎಂದು ಬೆವರಬೇಕಾಗಿಲ್ಲ. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ಇರುವ ದಾಖಲೆ ಸಾಕು. ವಿದ್ಯುನ್ಮಾನ ರೂಪದಲ್ಲಿ ಸರಿಯೆಂದು ಖಚಿತವಾದ ದಾಖಲೆಯನ್ನು ಮತ್ತೆ ಕಾಗದದಲ್ಲಿ ಕೇಳುವಂತಿಲ್ಲ ಎಂಬ ನಿಯಮ 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ತಪ್ಪು ಮಾಡಿಲ್ಲವೆಂದು ಖಚಿತವಾಗಿ ಅನಿಸಿದರೆ ಸ್ಥಳದಲ್ಲೇ ದಂಡ ಕಟ್ಟದೆ ನ್ಯಾಯಾಲಯದಲ್ಲಿ ವಾದಿಸಲೂ ಅವಕಾಶವಿದೆ. ನಡುರಸ್ತೆಯೇ ನ್ಯಾಯಾಲಯ ಆಗಬೇಕಿಲ್ಲ. ಇನ್ನೊಂದು ಮಾತು: ಈ ಕಾಯಿದೆಯನ್ನು ಜಾರಿ ಮಾಡುವ ಅಧಿಕಾರ ಉಳ್ಳವರೇ ಅದನ್ನು ಮುರಿದರೆ ಎರಡು ಪಟ್ಟು ದಂಡ ಎಂದು 2019ರ ತಿದ್ದುಪಡಿ ಹೇಳಿದೆ. ಪೊಲೀಸರು ಹೆಲ್ಮೆಟ್ ಇಲ್ಲದೆ ಹೋಗುವುದನ್ನು ಕಂಡವರಿಗೆ ಇದು ನೆನಪಿರಲಿ.

ಕುಡಿದು ಓಡಿಸುವವರ ತಪಾಸಣೆಯಲ್ಲಿ ಊದಿಸುವ ಉಪಕರಣದ ಬಗ್ಗೆಯೂ ಅನೇಕರಿಗೆ ಅಳುಕಿದೆ. ಅನೇಕ ಉಪಕರಣಗಳ ಒಳಗೆ ಪ್ಲಾಟಿನಂ ಲೇಪಿಸಿದ ತಗಡುಗಳಿರುತ್ತವೆ. ಉಸಿರಿನಲ್ಲಿರುವ ಮದ್ಯಸಾರ ಅಲ್ಲಿ ಉತ್ಕರ್ಷಣೆಗೊಂಡು ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಮದ್ಯಸಾರ ಹೆಚ್ಚಿದಷ್ಟೂ ಪ್ರವಾಹ ಹೆಚ್ಚು. 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮೀರಿದರೆ ಅಪರಾಧ. ಯಂತ್ರಕ್ಕೆ ಮುಖದ ಪರಿಚಯ ಇಲ್ಲವಾದ್ದರಿಂದ ಕುಡಿಯದವರು ಹೆದರಬೇಕಿಲ್ಲ. ‘ಹೊಸ ಕೊಳವೆ ಹಾಕಿ ಕೊಡಿ ಸಾರ್’ ಎಂದು ಸವಾರರು ಕೇಳಿದರೆ ಪೊಲೀಸರು ಅದನ್ನು ಅವಮಾನವೆಂದು ತಿಳಿಯಬಾರದು.

ಹಿಂದಿನ ಸೀಟಿನ ವಿದ್ಯಾರ್ಥಿ

ಮಕ್ಕಳು ಪೌರನೀತಿಯನ್ನು ಪುಸ್ತಕದಲ್ಲಿ ಓದುತ್ತಾರೆ, ಅಪ್ಪನ ಬೆನ್ನ ಹಿಂದೆ ಕುಳಿತು ಕಲಿಯುತ್ತಾರೆ. ‘ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್’ ಎಂದು ಮಡಿಸಿದ ನೋಟು ಕೈಬದಲಾದರೆ ಅದನ್ನು ಕಂಡ ಮಗುವಿಗೆ ಆಮೇಲೆ ಯಾವ ಪಾಠವೂ ನಾಟದು. ಲಂಚ ಕೊಡುವುದೂ ಅಪರಾಧವೆಂದು 2018ರಲ್ಲಿ ಭ್ರಷ್ಟಾಚಾರ ತಡೆ ಕಾಯಿದೆಗೆ ತಂದ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ಬಲವಂತಕ್ಕೆ ಒಳಗಾಗಿ ಕೊಟ್ಟವರು ಏಳು ದಿನಗಳ ಒಳಗೆ ದೂರು ನೀಡಿದರೆ ಮಾತ್ರ ರಕ್ಷಣೆ. ಅದೇ ಜಾಗದಲ್ಲಿ ಅಪ್ಪ ‘ತಪ್ಪಾಯಿತು, ರಸೀದಿ ಕೊಡಿ’ ಎಂದು ದಂಡ ಕಟ್ಟಿದರೆ ಮಗು ಕಲಿಯುವ ಪಾಠ ಬೇರೆ. ಮಗುವಿನ ಮುಂದೆ ಅಪ್ಪನನ್ನು ಹೀಯಾಳಿಸದೆ ಪೊಲೀಸರು ರಸೀದಿ ಹರಿದುಕೊಟ್ಟರೆ ಆ ಪಾಠ ಪೂರ್ತಿಯಾಗುತ್ತದೆ.

ಕೊನೆಯದಾಗಿ, ಟ್ಯೂಷನ್ನಿಗೆ ತಡವಾಗುತ್ತದೆಂದು ಹದಿನೈದು ಹದಿನಾರರ ಮಕ್ಕಳ ಕೈಗೆ ಸ್ಕೂಟರಿನ ಕೀ ಕೊಡುವ ಮನೆಗಳ ವಿಚಾರ. 2019ರ ತಿದ್ದುಪಡಿಯಂತೆ 18 ತುಂಬದವರು ವಾಹನ ಕಾಯಿದೆಯ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ವಾಹನದ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಕೀ ಕೊಡದೆ ಇರುವುದೇ ಮೇಲು.

ಆದರೂ ಕಣ್ಣು ತಪ್ಪಿಸಿ ಗಾಡಿ ತೆಗೆದುಕೊಂಡು ಹೋಗುವ ಹುಡುಗರು ಇದ್ದೇ ಇರುತ್ತಾರೆ. ಪೊಲೀಸರನ್ನು ಕಂಡೊಡನೆ ಅವರು ಎದುರು ದಿಕ್ಕಿಗೆ ತಿರುಗಿಸಿ ಲಾರಿ ಬಸ್ಸುಗಳ ನಡುವೆ ನುಗ್ಗುತ್ತಾರೆ. ಅವರನ್ನು ಓಡಿಸುವುದು ಪೊಲೀಸರ ಲಾಠಿಯ ಭಯಕ್ಕಿಂತ ಹೆಚ್ಚಾಗಿ ಮನೆಯಲ್ಲಿ ಅಪ್ಪನ ಏಟಿನ ಭಯ. ಅಂತಹ ಹುಡುಗನನ್ನು ಬೆನ್ನಟ್ಟದೆ ವಾಹನದ ಸಂಖ್ಯೆ ಬರೆದುಕೊಂಡು ಮನೆಗೆ ನೋಟಿಸು ಕಳಿಸುವ ಪೊಲೀಸರು ಒಂದು ಜೀವ ಉಳಿಸಿದಂತೆ. ತಂದೆತಾಯಿಯರೂ ಇವತ್ತಿನ ರಾತ್ರಿಯ ಊಟದ ಹೊತ್ತಿಗೆ ಮಕ್ಕಳಿಗೆ ಒಂದು ಮಾತು ಹೇಳಿಡುವುದು ಒಳ್ಳೆಯದು: ‘ತಪ್ಪೇ ಮಾಡಿದ್ದರೂ ಸರಿ, ಕೈ ತೋರಿಸಿದರೆ ಗಾಡಿ ನಿಲ್ಲಿಸು. ಹೆಸರು ಕೇಳಿದರೆ ಸರಿಯಾಗಿ ಹೇಳು. ಮನೆಗೆ ಫೋನು ಮಾಡು. ನಾವು ಬರುತ್ತೇವೆ.’