ಕಡಲಿನಿಂದ ಕೊಡಚಾದ್ರಿಗೆ

'ದೇಶ ಸುತ್ತು, ಇಲ್ಲವೆ ಕೋಶ ಓದು' ಎಂಬುದು ಹಿರಿಯರ ಮಾತು. ಕೋಶ ಓದುವ ಕೆಲಸ ನಮ್ಮ ಕಾಲೇಜುಗಳಲ್ಲಿ ಪರೀಕ್ಷೆಯ ಭಯದಿಂದಾದರೂ ನಡೆಯುತ್ತದೆ. ದೇಶ ಸುತ್ತುವ ಕೆಲಸ ಮಾತ್ರ ವರ್ಷಕ್ಕೊಮ್ಮೆ ಬಾಡಿಗೆ ಬಸ್ಸಿನಲ್ಲಿ ಮುಗಿದುಹೋಗುತ್ತದೆ. ಮೂರು ದಿನಗಳಲ್ಲಿ ಹತ್ತು ಊರು ನೋಡಿ ಬಂದವರಿಗೆ ಕೊನೆಗೆ ಉಳಿಯುವುದು ಮೊಬೈಲಿನ ಚಿತ್ರಗಳಷ್ಟೆ. ವರ್ಷಕ್ಕೆ ಒಂದು ದಿನವಾದರೂ ಕಡಲ ದಂಡೆಯಿಂದ ಕೊಡಚಾದ್ರಿಯ ನೆತ್ತಿಯವರೆಗೆ ವಿದ್ಯಾರ್ಥಿಗಳು ಕಾಲ್ನಡಿಗೆಯಲ್ಲಿ ಹೋಗಬೇಕೆಂಬುದು ನನ್ನ ವಾದ.

ಶಿಕಾರಿಪುರ, ಸೊರಬದವರಾದ ನಮಗೆ ಕೊಡಚಾದ್ರಿ ಹೊಸದೇನಲ್ಲ. ಜೀಪಿನಲ್ಲಿ ಮೂಲ ಮೂಕಾಂಬಿಕೆಯ ಗುಡಿಯ ಬಳಿ ಇಳಿದು, ಸ್ವಲ್ಪ ದೂರ ನಡೆದು ಸರ್ವಜ್ಞಪೀಠ ಮುಟ್ಟಿ, "ಬೆಟ್ಟ ಹತ್ತಿದೆವು" ಎನ್ನುತ್ತೇವೆ. ಲೆಕ್ಕ ಹಾಕೋಣ. ಶಿಖರವು ಸಮುದ್ರಮಟ್ಟದಿಂದ 1343 ಮೀಟರು ಎತ್ತರದಲ್ಲಿದೆ. ನಮ್ಮ ಎರಡು ಊರುಗಳೂ ಸುಮಾರು 600 ಮೀಟರು ಎತ್ತರದಲ್ಲಿವೆ. ಅಂದರೆ ಅರ್ಧಕ್ಕೆ ಸಮೀಪದ ಎತ್ತರ ನಮಗೆ ಹುಟ್ಟಿನಿಂದಲೇ ದಕ್ಕಿದೆ. ಉಳಿದುದರಲ್ಲಿ ದೊಡ್ಡ ಪಾಲನ್ನು ಜೀಪು ಹತ್ತುತ್ತದೆ. ಹಾಗಾದರೆ ನಾವು ಹತ್ತಿದ್ದು ಎಷ್ಟು?

ಶಿಕಾರಿಪುರದ ಮೇಲೆ ಹಾಯುವ 766ಸಿ ಹೆದ್ದಾರಿ ಬೈಂದೂರಿನಲ್ಲಿ ಕರಾವಳಿಯನ್ನು ಮುಟ್ಟುತ್ತದೆ. ಅಲ್ಲಿಂದ ಶಿಖರಕ್ಕೆ ನೇರ ಗೆರೆ ಎಳೆದರೆ ಮೂವತ್ತು ಕಿಲೋಮೀಟರೂ ಆಗದು. ಕೊಲ್ಲೂರಿನ ಮೇಲೆ ನಡೆದರೆ ಸುಮಾರು ನಲವತ್ತು. ಹೋದ ಡಿಸೆಂಬರಿನಲ್ಲಿ ನಾವು ಐವರು ಗೆಳೆಯರು ನಡುರಾತ್ರಿ ಕಳೆದು ಎರಡು ಗಂಟೆಗೆ ಬೈಂದೂರಿನ ಮರಳಿನಿಂದ ಹೊರಟೆವು. ಕೊಲ್ಲೂರಿನವರೆಗೆ ತೆಂಗು, ಗದ್ದೆ, ಕಾಡು, ಏರು ಅಷ್ಟಕ್ಕಷ್ಟೆ. ಕೊನೆಯ ಹತ್ತು ಹನ್ನೆರಡು ಕಿಲೋಮೀಟರಿನಲ್ಲಿ ಮಾತ್ರ ಸಾವಿರ ಮೀಟರಿಗೂ ಮಿಕ್ಕಿದ ಎತ್ತರ ಗೋಡೆಯಂತೆ ಎದ್ದು ನಿಂತಿದೆ. ಕಡಲಿನಿಂದ ಬರುವ ಮೋಡ ಈ ಗೋಡೆಯನ್ನು ಏರಲಾರದೆ ಏರುತ್ತ ತನ್ನ ಹೊರೆಯನ್ನು ಇಲ್ಲಿಯೇ ಇಳಿಸುತ್ತದೆ. ಶಿಕಾರಿಪುರಕ್ಕೆ ಬರುವುದು ಮಿಕ್ಕ ಪಾಲು. ಭೂಗೋಳದ ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಈ ಮಾತು ಅಂದು ಮೊಣಕಾಲಿಗೆ ತಿಳಿಯಿತು. ಸಂಜೆ ಶಿಖರದಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಬೆಳಿಗ್ಗೆ ಬಿಟ್ಟುಬಂದ ಕಡಲು! ಈ ಬೆಟ್ಟದಲ್ಲಿ ಹುಟ್ಟುವ ಸೌಪರ್ಣಿಕೆ ಆ ಕಡಲಿಗೇ ಇಳಿಯುತ್ತಾಳೆ. ನಮ್ಮ ವರದೆ, ಕುಮುದ್ವತಿಯರಾದರೋ ನೂರು ಕಿಲೋಮೀಟರಿನೊಳಗಿರುವ ಅದೇ ಕಡಲಿಗೆ ಬೆನ್ನು ತಿರುಗಿಸಿ, ತುಂಗಭದ್ರೆ, ಕೃಷ್ಣೆಯರ ಜತೆಗೂಡಿ ಬಂಗಾಳ ಕೊಲ್ಲಿಗೆ ಹೋಗುತ್ತಾರೆ.

ಆಕ್ಷೇಪಗಳು ಇಲ್ಲದಿಲ್ಲ. ಮುದುಕರಿಗೆ, ಅಶಕ್ತರಿಗೆ ಜೀಪು ಬೇಕು. ಅದಕ್ಕೆ ನನ್ನ ತಕರಾರಿಲ್ಲ. ಮಳೆಗಾಲದಲ್ಲಿ ಹೋಗಬಾರದು, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗಬಾರದು, ಇದೂ ನಿಜವೇ. ಹೆಣ್ಣುಮಕ್ಕಳಿಗೆ ಇದು ಆಗದು ಎನ್ನುವವರು ನಮ್ಮ ತಾಲ್ಲೂಕಿನ ಉಡುತಡಿಯನ್ನು ನೆನೆಯಬೇಕು. ಅಲ್ಲಿ ಹುಟ್ಟಿದ ಅಕ್ಕಮಹಾದೇವಿ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಹೋದದ್ದು ಯಾವ ವಾಹನದಲ್ಲಿ?

ನಿಜವಾದ ಅಡ್ಡಿ ಬೇರೆ ಇದೆ. ನಮ್ಮಲ್ಲಿ ಅನೇಕರು ಮನೆತನಕ್ಕೆ ಮೊದಲನೆಯ ಪದವೀಧರರಾಗುವವರು. ನಮ್ಮ ಹಿರಿಯರು ಸಂತೆಗೆ, ಕೂಲಿಗೆ ನಡೆದೇ ಬದುಕಿದರು. ಆದುದರಿಂದ ಪದವಿಯೆಂದರೆ ಇನ್ನು ನಡೆಯಬೇಕಾಗಿಲ್ಲ ಎಂಬ ರಹದಾರಿಯೆಂದೇ ಮನೆಯಲ್ಲಿ ಭಾವನೆ. "ನಡೆಯೋದು ತಪ್ಪಲಿ ಅಂತ ಓದಿಸಿದ್ರೆ, ನಡೆಯೋಕೇ ಹೊರಟ್ಯಲ್ಲೋ!" ಎಂದು ನನ್ನವ್ವ ನಕ್ಕಳು. ಅವಳ ಮಾತಿನಲ್ಲಿ ನೋವಿದೆ. ಅದನ್ನು ಹಗುರವಾಗಿ ಕಾಣಲಾರೆ. ಆದರೆ ಹೊಟ್ಟೆಪಾಡಿಗಾಗಿ ನಡೆದವರ ಮಕ್ಕಳು ತಿಳಿವಿಗಾಗಿ ನಡೆದರೆ ಹಿರಿಯರ ನಡಿಗೆಗೆ ಅಪಮಾನವಲ್ಲ, ಗೌರವ.

ಇನ್ನೊಂದು ಮಾತು. ಅಂಕಪಟ್ಟಿ ತಲುಪಿದ ಎತ್ತರವನ್ನು ಬರೆಯುತ್ತದೆ, ಹೊರಟ ಮಟ್ಟವನ್ನಲ್ಲ. ಓದು ಬರಹ ಬಲ್ಲ ಮನೆಯಿಂದ ಬಂದವನು 600 ಮೀಟರಿನಿಂದ ಹೊರಟವನು. ಹೆಬ್ಬೆಟ್ಟಿನ ಮನೆಯಿಂದ ಬಂದವನು ಕಡಲಿನಿಂದ ಹೊರಟವನು. ಇಬ್ಬರೂ ಒಮ್ಮೆ ಜತೆಯಾಗಿ ಕಡಲಿನಿಂದಲೇ ಹೊರಟರೆ ಮೊದಲನೆಯವನ ಹಮ್ಮು, ಎರಡನೆಯವನ ಅಳುಕು ಎರಡೂ ದಾರಿಯಲ್ಲಿ ಕರಗಿಯಾವು.

ಬರುವ ಡಿಸೆಂಬರಿನಲ್ಲಿ ಕಾಲೇಜಿನ ಪ್ರವಾಸ ಬೈಂದೂರಿನ ಮರಳಿನಿಂದ ಹೊರಡಲಿ. ಅಧ್ಯಾಪಕ ವರ್ಗದವರೂ ಜತೆಗೂಡಲಿ. ದಣಿದವರು ಕೊಲ್ಲೂರಿನಲ್ಲಿ ನಿಲ್ಲಬಹುದು. ಅದರಲ್ಲಿ ನಾಚಿಕೆಯೇನೂ ಇಲ್ಲ.

— ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ